ಕಜ್ಜಿಯಲ್ಲದ ಕಜ್ಜಿ

ನಮ್ಮ ನುಡಿಯಲ್ಲಿ ಒಬ್ಬನನ್ನು ತೀರ ಹೀನಾಯವಾಗಿ ನಿಂದಿಸಬೇಕಾದಾಗ ಜನ 'ಕಜ್ಜಿನಾಯಿ' ಎಂಬ ಪದವನ್ನು ಎತ್ತಿಕೊಳ್ಳುತ್ತಾರೆ. ಕೂದಲುದುರಿ, ಕಣ್ಣಿನ ಸುತ್ತ ಹಕ್ಕಳೆಗಟ್ಟಿ, ಮೊಣಕೈಯ ಚರ್ಮ ಬಿರಿದು, ಅಂಗಡಿಯ ಜಗಲಿಯ ಕೆಳಗೆ ಮುದುಡಿ ಮಲಗಿರುವ ಪ್ರಾಣಿಯನ್ನು ಕಂಡಾಗ ನಮ್ಮಲ್ಲಿ ಮೊದಲು ಹುಟ್ಟುವುದು ಜುಗುಪ್ಸೆ, ಅನಂತರ ಭಯ, ಕಟ್ಟಕಡೆಗೆ, ಅದೂ ಕೆಲವರಲ್ಲಿ ಮಾತ್ರ, ಕರುಣೆ. ಕರುಣೆಯುಳ್ಳವರು ಗಂಧಕವನ್ನು ಅರೆದು ಹೊಂಗೆಯೆಣ್ಣೆಯಲ್ಲಿಯೋ ಬೇವಿನೆಣ್ಣೆಯಲ್ಲಿಯೋ ಕಲಸಿ ಅದರ ಮೈಗೆ ಹಚ್ಚುತ್ತಾರೆ. ರೋಗವು ಚರ್ಮದೊಳಗೆ ಬಿಲ ತೋಡುವ ಅತಿಸೂಕ್ಷ್ಮವಾದ ನುಸಿಯ ಕೃತ್ಯವಾಗಿದ್ದರೆ ಗಂಧಕದಿಂದ ಗುಣ ಕಾಣುವುದೂ ಉಂಟು. ಆದರೆ ಎಷ್ಟು ಹಚ್ಚಿದರೂ ಮಾಯದ, ನುಸಿಯನ್ನು ಹುಡುಕಿದರೆ ನುಸಿಯೇ ಸಿಗದ, ನೋಡುವುದಕ್ಕೆ ಮಾತ್ರ ಕಜ್ಜಿಯಂತೆಯೇ ಕಾಣುವ ಬೇರೊಂದು ವ್ಯಾಧಿಯುಂಟು. ಅದರ ಬೀಜ ಇರುವುದು ಆ ಪ್ರಾಣಿ ಉಣ್ಣುವ ತಟ್ಟೆಯಲ್ಲಿ, ಹೆಚ್ಚು ನಿರ್ದಿಷ್ಟವಾಗಿ ಹೇಳುವುದಾದರೆ, ಆ ತಟ್ಟೆಯಲ್ಲಿ ಇರಬೇಕಾಗಿದ್ದೂ ಇಲ್ಲದ ಸತು ಎಂಬ ಲೋಹದ ಕಣಮಾತ್ರದಲ್ಲಿ. ಮನುಷ್ಯನು ಈ ಸಂಗತಿಯನ್ನು ಅರಿಯುವುದಕ್ಕೆ ಹಿಡಿದ ಕಾಲ ದೀರ್ಘವಾದುದು. ನಡೆದ ದಾರಿಯಂತೂ ಬಹು ಸುತ್ತಿನದು.

ತಡವಾದುದಕ್ಕೆ ಕಾರಣವಿಲ್ಲದೆ ಇಲ್ಲ. 1687ರಲ್ಲಿ ಇಟಲಿಯ ಬೊನೊಮೊ ಮತ್ತು ಚೆಸ್ತೋನಿ ಎಂಬಿಬ್ಬರು ಸೂಕ್ಷ್ಮದರ್ಶಕದ ಸಹಾಯದಿಂದ ಮನುಷ್ಯರ ಕಜ್ಜಿಯ ನುಸಿಯನ್ನು ಕಂಡು, ಅದೇ ಆ ರೋಗಕ್ಕೆ ಕಾರಣವೆಂದು ಬರೆದರು. ಕಣ್ಣಿಗೆ ಕಾಣುವ ಒಂದು ರೋಗಕ್ಕೆ ಕಣ್ಣಿಗೆ ಕಾಣದ ಒಂದು ಜೀವಿಯನ್ನು ಹೊಣೆಯಾಗಿಸಿದ ಪ್ರಥಮ ನಿದರ್ಶನಗಳಲ್ಲಿ ಅದೊಂದು. ಆಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚರ್ ಮತ್ತು ಕೋಕ್ ಮೊದಲಾದ ಮಹನೀಯರು ಒಂದಾದ ಮೇಲೊಂದರಂತೆ ರೋಗಾಣುಗಳನ್ನು ಬೆಳಕಿಗೆ ತಂದಾಗ, ವ್ಯಾಧಿಯೆಂದರೆ ಶತ್ರುವಿನ ಪ್ರವೇಶ, ಚಿಕಿತ್ಸೆಯೆಂದರೆ ಶತ್ರುವಿನ ಸಂಹಾರ ಎಂಬ ಭಾವನೆ ವೈದ್ಯಲೋಕದಲ್ಲಿ ದೃಢವಾಗಿ ಬೇರೂರಿತು. ಹೊರಗಿನಿಂದ ಒಂದು ವಸ್ತು ಬಂದು ಸೇರಿದುದರಿಂದ ರೋಗವುಂಟಾಗುತ್ತದೆಂದರೆ ಯಾರಿಗಾದರೂ ಅರ್ಥವಾಗುತ್ತದೆ. ಒಂದು ವಸ್ತು ಬಾರದೆ ಹೋದುದರಿಂದಲೂ ರೋಗವುಂಟಾದೀತೆಂಬ ಮಾತು ಬುದ್ಧಿಗೆ ಸುಲಭವಾಗಿ ಹತ್ತುವಂಥದಲ್ಲ. ಇರುವುದನ್ನು ತೋರಿಸಬಹುದು; ಇಲ್ಲದುದನ್ನು ಹೇಗೆ ತೋರಿಸುವುದು?

ಅತ್ತ ವಿದ್ವಾಂಸರು ಶತ್ರುಗಳನ್ನು ಅರಸುತ್ತಿದ್ದ ಅದೇ ಕಾಲದಲ್ಲಿ ಇತ್ತ ನಾಯಿಯ ಆಹಾರದಲ್ಲಿ ಒಂದು ನಿಶ್ಶಬ್ದವಾದ ಕ್ರಾಂತಿ ನಡೆಯುತ್ತಿತ್ತು. ಅನಾದಿಯಿಂದ ನಾಯಿ ತಿಂದುಕೊಂಡು ಬಂದುದು ಯಜಮಾನನು ಉಂಡು ಬಿಟ್ಟುದನ್ನು, ಕಟುಕನು ಕಡಿದು ಎಸೆದುದನ್ನು, ತಾನೇ ಬೇಟೆಯಾಡಿ ಹಿಡಿದುದನ್ನು. ಅದರಲ್ಲಿ ಕ್ರಮವೂ ಇರಲಿಲ್ಲ, ಪ್ರಮಾಣವೂ ಇರಲಿಲ್ಲ. ಆದರೆ ವೈವಿಧ್ಯವಿತ್ತು, ಒಂದಲ್ಲ ಒಂದು ರೂಪದಲ್ಲಿ ಮಾಂಸವಿತ್ತು, ಎಲುಬಿತ್ತು, ಕರುಳಿತ್ತು. 1860ರ ಸುಮಾರಿಗೆ ಅಮೆರಿಕದ ಒಹಾಯೊ ಪ್ರಾಂತದ ಜೇಮ್ಸ್ ಸ್ಪ್ರಾಟ್ ಎಂಬ ವ್ಯಾಪಾರಿ, ಸಿಡಿಲಿನಿಂದ ಮನೆಗಳನ್ನು ಕಾಯುವ ಲೋಹದ ಸರಳುಗಳನ್ನು ಮಾರುವ ಉದ್ದೇಶದಿಂದ ಲಂಡನ್ನಿಗೆ ಬಂದನು. ಹಡಗುಕಟ್ಟೆಯಲ್ಲಿ ನಾವಿಕರು ಬಿಸುಟ ಕಲ್ಲಿನಂಥ ಹಳೆಯ ಬಿಸ್ಕತ್ತುಗಳಿಗಾಗಿ ಬೀದಿನಾಯಿಗಳು ಕಾದಾಡುವುದನ್ನು ಕಂಡು ಅವನಿಗೊಂದು ವ್ಯಾಪಾರ ಹೊಳೆಯಿತೆಂದು ಹೇಳುವ ಕಥೆಯುಂಟು. ಕಥೆ ಹೇಗೇ ಇರಲಿ, ಗೋಧಿಹಿಟ್ಟು, ಬೀಟ್‌ರೂಟು, ತರಕಾರಿ, ಒಣಗಿಸಿದ ಮಾಂಸದ ಪುಡಿ ಇವನ್ನು ಕಲಸಿ ಸುಟ್ಟು ಅವನು ತಯಾರಿಸಿದ ನಾಯಿಬಿಸ್ಕತ್ತು ಲೋಕದ ಮೊದಲ ಕಾರ್ಖಾನೆಯ ಶ್ವಾನಾಹಾರವೆಂದು ಪ್ರಸಿದ್ಧವಾಯಿತು. ಬೇಟೆನಾಯಿಗಳನ್ನು ಸಾಕಿದ್ದ ಶ್ರೀಮಂತರು ಅದರ ಮೊದಲ ಗಿರಾಕಿಗಳು. ಅವನ ಅಂಗಡಿಗೆ ಚಾಕರಿಗೆಂದು ಸೇರಿದ ಚಾರ್ಲ್ಸ್ ಕ್ರಫ್ಟ್ ಎಂಬ ತರುಣನೇ ಮುಂದೆ 1891ರಲ್ಲಿ ತನ್ನ ಹೆಸರಿನ ಶ್ವಾನಪ್ರದರ್ಶನವನ್ನು ಲಂಡನ್ನಿನಲ್ಲಿ ಆರಂಭಿಸಿದವನು. ಅದು ಇಂದಿಗೂ ನಡೆಯುತ್ತಿದೆ. ಸ್ಪ್ರಾಟನ ಬಿಸ್ಕತ್ತಿನ ಅನಂತರ 1922ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಕುದುರೆಮಾಂಸವನ್ನು ಡಬ್ಬಿಯಲ್ಲಿ ತುಂಬಿ ಮಾರುವುದು ಮೊದಲಾಯಿತು. ಎರಡನೆಯ ಮಹಾಯುದ್ಧ ಬಂದು ತಗಡು ದುರ್ಲಭವಾದಾಗ ಡಬ್ಬಿ ಹಿಂದಕ್ಕೆ ಸರಿದು ಒಣ ಆಹಾರ ಮುಂದಕ್ಕೆ ಬಂದಿತು. 1957ರ ವೇಳೆಗೆ ಧಾನ್ಯದ ಹಿಟ್ಟನ್ನು ಬಿಸಿಯಲ್ಲಿಯೂ ಒತ್ತಡದಲ್ಲಿಯೂ ಉಬ್ಬಿಸಿ ಕಾಳುಕಾಳಾಗಿ ಕತ್ತರಿಸುವ ಯಂತ್ರವಿಧಾನ ನೆಲೆಗೊಂಡಿತು. ಇಷ್ಟರಲ್ಲಿ ನಾಯಿಯ ತಟ್ಟೆಯಿಂದ ಮಾಂಸದ ಭಾಗ ಸರಿಯುತ್ತ ಸರಿಯುತ್ತ ಜೋಳ, ಗೋಧಿ, ಸೋಯಾ ಇವುಗಳ ಭಾಗ ಬೆಳೆಯುತ್ತ ಬಂದುದನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ.

ಈಗ ಸತುವಿನ ಕಡೆಗೆ ತಿರುಗಬೇಕು. ಈ ಲೋಹದ ವಿಚಾರದಲ್ಲಿ ಭಾರತೀಯರು ಹೆಮ್ಮೆಪಡುವುದು ನ್ಯಾಯವೇ ಆಗಿದೆ. ಕಾಸಿದರೆ ಹಬೆಯಾಗಿ ಹಾರಿಹೋಗುವ ಸತುವನ್ನು ಬದನೆಕಾಯಿಯ ಆಕಾರದ ಮಣ್ಣಿನ ಮೂಸೆಗಳಲ್ಲಿಟ್ಟು, ಹಬೆಯನ್ನು ಕೆಳಮುಖವಾಗಿ ಇಳಿಸಿ ತಂಪುಗೊಳಿಸಿ ಹಿಡಿಯುವ ವಿದ್ಯೆ ಉದಯಪುರದ ಬಳಿಯ ಜಾವರದಲ್ಲಿ, ಯುರೋಪಿನವರು ಅದನ್ನು ಕೈವಶ ಮಾಡಿಕೊಳ್ಳುವುದಕ್ಕೆ ಶತಮಾನಗಳ ಮೊದಲೇ, ದೊಡ್ಡ ಉದ್ಯಮವಾಗಿ ನಡೆದಿತ್ತು. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ವಿಲಿಯಂ ಚಾಂಪಿಯನ್ ಎಂಬವನು ಅದಕ್ಕೆ ಸನ್ನದು ಪಡೆದುದು 1738ರಲ್ಲಿ. ನಮ್ಮ ರಸಶಾಸ್ತ್ರಜ್ಞರು ಈ ಲೋಹವನ್ನು ಯಶದವೆಂದು ಕರೆದು, ಅದರ ಭಸ್ಮವನ್ನು ಔಷಧವಾಗಿಯೂ ಬಳಸಿದರು. ಆದರೆ ಲೋಹವನ್ನು ಮದ್ದಾಗಿ ತಿಳಿಯುವುದು ಒಂದು, ದಿನದಿನದ ಅನ್ನದ ಅಂಗವಾಗಿ ತಿಳಿಯುವುದು ಇನ್ನೊಂದು. ಈ ಎರಡನೆಯ ಅರಿವಿನ ಮೊದಲ ಸುಳಿವು ದೊರೆತುದು ಬೂಷ್ಟಿನಲ್ಲಿ. ಪಾಶ್ಚರನ ಶಿಷ್ಯನಾದ ಜ್ಯೂಲ್ ರೋಲ್ಯಾಂ ಎಂಬವನು 1869ರಲ್ಲಿ, ಕಪ್ಪು ಬೂಷ್ಟನ್ನು ಗೊತ್ತಾದ ಲವಣಗಳ ದ್ರಾವಣದಲ್ಲಿ ಬೆಳೆಸಿ, ಆ ಲವಣಗಳಲ್ಲಿ ಒಂದೊಂದನ್ನೇ ತೆಗೆದು ನೋಡುತ್ತ, ಸತುವನ್ನು ತೆಗೆದರೆ ಬೂಷ್ಟು ಬೆಳೆಯದೆಂಬುದನ್ನು ತೋರಿಸಿದನು. ಆರೂವರೆ ದಶಕಗಳ ಬಳಿಕ, 1934ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಟಾಡ್, ಎಲ್ವಿಯೆಮ್, ಹಾರ್ಟ್ ಎಂಬ ಮೂವರು ಇಲಿಗೂ ಸತು ಬೇಕೆಂಬುದನ್ನು ಸಿದ್ಧಪಡಿಸಿದರು: ಸತುವಿಲ್ಲದ ಆಹಾರವಿತ್ತ ಮರಿಗಳು ಬೆಳೆಯಲಿಲ್ಲ, ಅವುಗಳ ರೋಮ ಕೆಟ್ಟಿತು. ಈ ಪ್ರಯೋಗಗಳಲ್ಲಿ ಪ್ರಯಾಸವಿದ್ದುದು ಸತುವನ್ನು ಕೊಡುವುದರಲ್ಲಿ ಅಲ್ಲ, ಕೊಡದೆ ಇರುವುದರಲ್ಲಿ. ಸತುಲೇಪದ ಪಂಜರದ ಕಂಬಿಯನ್ನು ನೆಕ್ಕಿದರೂ ಸಾಕು, ಇಲಿಗೆ ಬೇಕಾದಷ್ಟು ಸತು ದೊರಕಿಬಿಡುತ್ತದೆ. ಈ ಎಲ್ವಿಯೆಮ್‌ನ ಹೆಸರನ್ನು ನಾಯಿಯ ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೂ ನೆನೆಯಬೇಕು. 1937ರಲ್ಲಿ, ಮೆಕ್ಕೆಜೋಳದ ಆಹಾರದಿಂದ ನಾಯಿಗಳಿಗೆ ಬರುತ್ತಿದ್ದ ಕಪ್ಪುನಾಲಗೆ ಎಂಬ ಮಾರಕ ವ್ಯಾಧಿಯನ್ನು ನಿಕೊಟಿನಿಕ್ ಆಮ್ಲದಿಂದ ಗುಣಪಡಿಸಿ, ಅದರ ಮೂಲಕ ಮನುಷ್ಯರ ಪೆಲ್ಲಾಗ್ರ ರೋಗಕ್ಕೂ ಪರಿಹಾರದ ಹಾದಿ ತೆರೆದವನು ಅವನೇ. ಲಕ್ಷಾಂತರ ಬಡವರ ಪ್ರಾಣವುಳಿಸಿದ ಆ ಜ್ಞಾನ ನಾಯಿಯ ನಾಲಗೆಯ ಮೇಲೆ ಮೊದಲು ಓದಲ್ಪಟ್ಟಿತೆಂಬುದನ್ನು ನಾವು ಮರೆಯಬಾರದು.

ಇಲಿಗೆ ಸತು ಬೇಕೆಂದು ಗೊತ್ತಾದರೂ ಹೊಲಮನೆಗಳಲ್ಲಿ ಅದರ ಕೊರತೆ ಬಂದೀತೆಂದು ಆಗ ಯಾರೂ ಭಾವಿಸಲಿಲ್ಲ. ಮಣ್ಣಿನಲ್ಲಿ, ನೀರಿನಲ್ಲಿ, ಎಲ್ಲ ಧಾನ್ಯಗಳಲ್ಲಿ ಅದು ಅಷ್ಟಿಷ್ಟು ಇದ್ದೇ ಇದೆಯಲ್ಲವೆ ಎಂಬುದು ಅವರ ತರ್ಕ. ಆ ತರ್ಕವನ್ನು ಮುರಿದುದು ಹಂದಿ. ಅಮೆರಿಕದ ರೈತರು ಹಂದಿಗಳನ್ನು ಬಯಲಿನಲ್ಲಿ ಮೇಯಬಿಡುವುದನ್ನು ಕಡಮೆಮಾಡಿ, ಕಾಂಕ್ರೀಟಿನ ನೆಲದ ಮೇಲೆ ಕೂಡಿಹಾಕಿ, ಒಣ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಗೆ ಸುಣ್ಣದ ಪುಡಿಯನ್ನು ಧಾರಾಳವಾಗಿ ಬೆರೆಸಿ ತಿನ್ನಿಸಲು ತೊಡಗಿದ ಮೇಲೆ, ಮರಿಹಂದಿಗಳ ಕಾಲು, ಹೊಟ್ಟೆ, ಕಿವಿಗಳಲ್ಲಿ ಒರಟಾದ ಹಕ್ಕಳೆ ಏಳತೊಡಗಿತು. ನೋಡಿದವರೆಲ್ಲ ಕಜ್ಜಿಯೆಂದರು, ಎಣ್ಣೆ ಹಚ್ಚಿದರು, ಕೊಟ್ಟಿಗೆಗಳನ್ನು ತೊಳೆದರು. 1953ರಲ್ಲಿ ಮಿನೆಸೋಟದ ಕರ್ನ್‌ಕ್ಯಾಂಪ್ ಮತ್ತು ಫೆರಿನ್ ಎಂಬವರು ಇದು ಕಜ್ಜಿಯಲ್ಲವೆಂದು ಬೇರ್ಪಡಿಸಿ, ಪ್ಯಾರಾಕೆರಟೋಸಿಸ್ ಎಂಬ ಹೆಸರಿನಲ್ಲಿ ವರ್ಣಿಸಿದರು. 1955ರಲ್ಲಿ ಅಲಬಾಮದ ಟಕರ್ ಮತ್ತು ಸ್ಯಾಮನ್ ಅದೇ ರೋಗ ತಗಲಿದ ಹಂದಿಗಳಿಗೆ ಅತ್ಯಲ್ಪ ಪ್ರಮಾಣದ ಸತುವಿನ ಲವಣವನ್ನಿತ್ತರು. ಹಕ್ಕಳೆ ಉದುರಿತು, ಹೊಸ ಚರ್ಮ ಬಂದಿತು, ಕುಂಟುತ್ತಿದ್ದ ಬೆಳವಣಿಗೆ ಚಿಗುರಿತು. ಅವರ ಪ್ರಬಂಧ ಚಿಕ್ಕದು. ಆದರೆ ಪಶುವೈದ್ಯದ ಇತಿಹಾಸದಲ್ಲಿ ಅದರಷ್ಟು ದೂರ ಬೆಳಕು ಚೆಲ್ಲಿದ ಬರಹಗಳು ವಿರಳವೆಂದೇ ನಾನು ಬಗೆಯುತ್ತೇನೆ. ಹಂದಿ ತಿನ್ನುತ್ತಿದ್ದ ಜೋಳದಲ್ಲಿ ಸತು ಇರಲಿಲ್ಲವೆಂದಲ್ಲ. ಇದ್ದೂ ಅದು ಹಂದಿಗೆ ದಕ್ಕುತ್ತಿರಲಿಲ್ಲ.

ಏಕೆ ದಕ್ಕದೆಂಬುದು ಧಾನ್ಯದ ಸ್ವಭಾವದಲ್ಲಿ ಅಡಗಿದೆ. ಕಾಳು ತನ್ನ ಮುಂದಿನ ಮೊಳಕೆಗೆಂದು ರಂಜಕವನ್ನು ಫೈಟಿಕ್ ಆಮ್ಲವೆಂಬ ರೂಪದಲ್ಲಿ, ಬಹುಮಟ್ಟಿಗೆ ಹೊಟ್ಟಿನ ಪದರಗಳಲ್ಲಿ ಮತ್ತು ಮೊಳೆಯ ಭಾಗದಲ್ಲಿ, ಕೂಡಿಟ್ಟುಕೊಂಡಿರುತ್ತದೆ. ಆ ಆಮ್ಲ ಕರುಳಿನಲ್ಲಿ ಸತುವನ್ನು ಬಿಗಿಯಾಗಿ ಹಿಡಿದುಕೊಂಡು ಕರಗದ ಗಂಟಾಗುತ್ತದೆ. ಸುಣ್ಣದ ಅಂಶ ಹೆಚ್ಚಾಗಿದ್ದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಕಾಳು ಮೊಳೆತಾಗ, ಇಲ್ಲವೆ ಹಿಟ್ಟು ಹುದುಗಿದಾಗ, ಆ ಹಿಡಿತ ಸಡಿಲುತ್ತದೆ. ಈ ಸತ್ಯವನ್ನು ಮನುಷ್ಯಲೋಕಕ್ಕೆ ತಂದವರು ನಮ್ಮ ಬಿಹಾರದ ಬಕ್ಸರಿನಲ್ಲಿ 1928ರಲ್ಲಿ ಜನಿಸಿದ ಡಾಕ್ಟರ್ ಆನಂದ ಪ್ರಸಾದರು. 1958ರಲ್ಲಿ ಇರಾನಿನ ಶಿರಾಜ್ ನಗರದ ಆಸ್ಪತ್ರೆಯಲ್ಲಿ ಅವರ ಮುಂದೆ ಬಂದ ರೋಗಿಗೆ 21 ವರ್ಷ. ನೋಡುವುದಕ್ಕೆ ಮಾತ್ರ ಹತ್ತು ವರ್ಷದ ಬಾಲಕ. ರಕ್ತಹೀನತೆ, ಊದಿದ ಯಕೃತ್ತು, ಒರಟಾಗಿ ಒಣಗಿದ ಚರ್ಮ. ಅವನ ಆಹಾರ ಮುಖ್ಯವಾಗಿ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಚಪಲ. ಕಬ್ಬಿಣದ ಕೊರತೆಯೊಂದರಿಂದಲೇ ಹುಡುಗನ ಬೆಳವಣಿಗೆ ಹೀಗೆ ನಿಂತುಹೋಗಲಾರದೆಂದು ಚಿಂತಿಸಿ, ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನೆನೆದು, ಸತುವೂ ಕಾರಣವಿರಬಹುದೆಂದು ಅವರು ಊಹಿಸಿದರು; ಅನಂತರ ಈಜಿಪ್ಟಿನಲ್ಲಿ ನಡೆಸಿದ ಅಧ್ಯಯನದಿಂದ ಆ ಊಹೆ ದೃಢಪಟ್ಟಿತು. ವಿದ್ವಾಂಸರನೇಕರು ಬಹುಕಾಲ ಅದನ್ನು ಒಪ್ಪದೆ ಹೋದರೂ ಕಡೆಗೆ ಲೋಕ ಒಪ್ಪಿತು.

ನಾಯಿಯ ಸರದಿ ಬಂದುದು 1963ರಲ್ಲಿ. ರಾಬರ್ಟ್‌ಸನ್ ಮತ್ತು ಬರ್ನ್ಸ್ ಎಂಬವರು ಸತು ಕಡಮೆಯಾಗಿಯೂ ಸುಣ್ಣದ ಅಂಶ ಹೆಚ್ಚಾಗಿಯೂ ಇರುವ ಆಹಾರದಿಂದ ನಾಯಿಗಳಲ್ಲಿ ಈ ಕೊರತೆಯ ಲಕ್ಷಣಗಳನ್ನು ಉಂಟುಮಾಡಿ ತೋರಿಸಿದರು. ಆದರೂ ಚಿಕಿತ್ಸಾಲಯಗಳಲ್ಲಿ ಈ ವ್ಯಾಧಿಯನ್ನು ಅದರ ಹೆಸರಿನಿಂದ ಗುರುತಿಸುವುದು ರೂಢಿಗೆ ಬರಲು ಇನ್ನೂ ಹದಿನೈದು ವರ್ಷಗಳಿಗಿಂತ ಹೆಚ್ಚು ಹಿಡಿಯಿತು. 1980ರ ಸುಮಾರಿಗೆ ಪಶುಚರ್ಮವೈದ್ಯರು ಅದನ್ನು 'ಸತುವಿಗೆ ಮಣಿಯುವ ಚರ್ಮರೋಗ'ವೆಂದು ವಿಂಗಡಿಸಿ ಬರೆದರು. ಅದರ ಚಿಹ್ನೆಗಳನ್ನು ಒಮ್ಮೆ ಕಂಡವರು ಮರೆಯಲಾರರು. ಕಣ್ಣಿನ ಸುತ್ತ ಕೆಂಪೇರಿ ಬೂದುಬಣ್ಣದ ಹಕ್ಕಳೆ ಕಟ್ಟುತ್ತದೆ. ಬಾಯ ಅಂಚು, ಗದ್ದ, ಕಿವಿ ಇವೂ ಹಾಗೆಯೇ ಆಗುತ್ತವೆ. ಮೊಣಕೈಯಂಥ ನೆಲಕ್ಕೊತ್ತುವ ಎಡೆಗಳು ದಪ್ಪಗಟ್ಟುತ್ತವೆ. ಅಂಗಾಲಿನ ಮೆತ್ತೆಗಳು ಗಟ್ಟಿಯಾಗಿ ಬಿರಿಯುತ್ತವೆ. ಆ ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟರೆ ರಹಸ್ಯ ತಾನಾಗಿ ತೆರೆಯುತ್ತದೆ. ಚರ್ಮದ ಜೀವಕೋಶಗಳು ಆಳದಲ್ಲಿ ಹುಟ್ಟಿ ಮೇಲಕ್ಕೇರುತ್ತ, ಮೇಲ್ಪದರವನ್ನು ಸೇರುವ ಹೊತ್ತಿಗೆ ತಮ್ಮ ನ್ಯೂಕ್ಲಿಯಸ್ಸನ್ನು ಕಳೆದುಕೊಂಡು, ಸತ್ತು ಕವಚವಾಗುವುದು ನಿಯಮ. ಸತುವಿಲ್ಲದ ದೇಹದಲ್ಲಿ ಅವು ಅಪಕ್ವಾವಸ್ಥೆಯಲ್ಲಿಯೇ, ನ್ಯೂಕ್ಲಿಯಸ್ಸನ್ನು ಹೊತ್ತುಕೊಂಡೇ ಮೇಲಕ್ಕೆ ಬಂದು ಒಂದರಮೇಲೊಂದು ಪೇರಿಕೊಳ್ಳುತ್ತವೆ. ನಾವು ಕಜ್ಜಿಯೆಂದು ಅಸಹ್ಯಪಡುವ ಆ ಹಕ್ಕಳೆ ಪಕ್ವವಾಗದೆ ಉಳಿದ ಚರ್ಮ.

ಈ ರೋಗದ ಹೆಚ್ಚಿನ ಪಾಲು ಸೈಬೀರಿಯದ ಹಸ್ಕಿ, ಅಲಾಸ್ಕದ ಮ್ಯಾಲಮ್ಯೂಟ್ ಎಂಬ ಎರಡು ತಳಿಗಳ ಮೇಲೆ ಬಿದ್ದಿರುವುದು ನನ್ನನ್ನು ಬಹುಕಾಲ ಚಿಂತೆಗೆ ಹಚ್ಚಿದ ಸಂಗತಿ. ಹಸ್ಕಿಯ ಪೂರ್ವಜರು ಏಷ್ಯದ ಈಶಾನ್ಯದ ಕೊನೆಯಲ್ಲಿ, ಚುಕ್ಚಿ ಜನರ ಹಿಮಬಂಡಿಗಳನ್ನು ಎಳೆಯುತ್ತಿದ್ದವರು. ಗೂಸಾಕ್ ಎಂಬ ರಷ್ಯದ ತುಪ್ಪುಳದ ವ್ಯಾಪಾರಿ ಅವುಗಳಲ್ಲಿ ಕೆಲವನ್ನು ಅಲಾಸ್ಕದ ನೋಮ್ ಪಟ್ಟಣಕ್ಕೆ ತಂದು, 1909ರ ಬಂಡಿಯೋಟದ ಪಂದ್ಯದಲ್ಲಿ ಇಳಿಸಿದಾಗ, ಅವುಗಳ ಪುಟ್ಟ ಮೈಯನ್ನು ಕಂಡು ಜನ 'ಸೈಬೀರಿಯದ ಇಲಿಗಳು' ಎಂದು ಹಂಗಿಸಿದರು. ಆ ಬಂಡಿ ಮೂರನೆಯದಾಗಿ ಬಂದಿತು. ಮರುವರ್ಷವೇ ಜಾನ್ ಜಾನ್ಸನ್ ಎಂಬವನ ಸೈಬೀರಿಯದ ತಂಡ 408 ಮೈಲಿಗಳ ಅದೇ ದಾರಿಯನ್ನು 74 ಗಂಟೆ 14 ನಿಮಿಷಗಳಲ್ಲಿ ಮುಗಿಸಿ ಗೆದ್ದಿತು. 1925ರ ಚಳಿಗಾಲದಲ್ಲಿ ನೋಮಿನಲ್ಲಿ ಗಂಟಲಮಾರಿ ಹಬ್ಬಿದಾಗ, ಇಪ್ಪತ್ತು ಮಂದಿ ಬಂಡಿಗಾರರು ಸರದಿಯ ಮೇಲೆ 674 ಮೈಲಿಗಳ ಹಿಮದ ಹಾದಿಯನ್ನು ಐದೂವರೆ ದಿನಗಳಲ್ಲಿ ದಾಟಿ ಔಷಧವನ್ನು ತಲಪಿಸಿದುದು ಜಗತ್ತೆಲ್ಲ ಬಲ್ಲ ವೃತ್ತಾಂತ. ಟೋಗೊ, ಬಾಲ್ಟೊ ಎಂಬ ನಾಯಿಗಳ ಹೆಸರು ಆಗಿನಿಂದ ಉಳಿದುಬಂದಿದೆ. 1930ರಲ್ಲಿ ಅಮೆರಿಕದ ಶ್ವಾನಸಂಘ ಹಸ್ಕಿಯನ್ನು ಒಂದು ತಳಿಯಾಗಿ ಅಂಗೀಕರಿಸಿತು. ಮ್ಯಾಲಮ್ಯೂಟಿಗೆ ಆ ಮಾನ್ಯತೆ ದೊರೆತುದು 1935ರಲ್ಲಿ.

ಅಂಥ ದುಡಿತ ದುಡಿದ ಆ ನಾಯಿಗಳು ತಿನ್ನುತ್ತಿದ್ದುದೇನು? ಒಣಮೀನು, ಸೀಲಿನ ಮಾಂಸ, ಕಡಲಾನೆಯ ಮಾಂಸ, ಕೊಬ್ಬು. ಆ ನಾಡಿನ ನಾಯಿಗಳಿಗೆ ಹೊಟ್ಟಿನ ಪರಿಚಯವೇ ಇರಲಿಲ್ಲ. ಕುಬ್ಜತನದ ವಂಶದೋಷವುಳ್ಳ ಮ್ಯಾಲಮ್ಯೂಟ್‌ಗಳ ಕರುಳು ಸತುವನ್ನು ಸರಿಯಾಗಿ ಹೀರಿಕೊಳ್ಳದೆಂಬುದು 1978ರಲ್ಲಿ ತಿಳಿದುಬಂದಿತು. ಹಸ್ಕಿಯಲ್ಲಿಯೂ ಅದಕ್ಕೆ ಸಮೀಪವಾದ ಆನುವಂಶಿಕ ದೌರ್ಬಲ್ಯವಿರಬೇಕೆಂದು ವೈದ್ಯರು ಶಂಕಿಸುತ್ತಾರೆ. ನನಗೆ ತೋರುವುದು ಇಷ್ಟು: ಊಟದ ತುಂಬ ಸುಲಭವಾಗಿ ದಕ್ಕುವ ಸತುವಿದ್ದ ನೆಲದಲ್ಲಿ ಆ ದೌರ್ಬಲ್ಯ ಯಾರ ಕಣ್ಣಿಗೂ ಬೀಳದೆ ತಲೆಮಾರುಗಳನ್ನು ಕಳೆದಿರಬಹುದು, ಧಾನ್ಯದ ಕಾಳಿನ ನಾಡಿಗೆ ಬಂದಮೇಲೆ ಅದು ಮುಖದ ಮೇಲೆ ಬರೆದಂತೆ ಕಾಣಿಸಿಕೊಂಡಿತು. ಇದು ನನ್ನ ಅನುಮಾನ. ಆದರೂ ತಳಿಯೊಂದನ್ನು ಅದರ ನೆಲದಿಂದ ಎತ್ತಿ ತರುವವರು ಅದರ ಅನ್ನವನ್ನೂ ವಿಚಾರಿಸುವುದು ಧರ್ಮವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಈಚೆಗೆ ಬೆಂಗಳೂರಿನ ಬಹುಮಹಡಿಯ ಮನೆಗಳಲ್ಲಿಯೂ ಆ ನೀಲಿಗಣ್ಣಿನ ಹಿಮಶ್ವಾನಗಳನ್ನು ಕಾಣುವಾಗ, ಅವುಗಳ ಮೈಯ ದಟ್ಟ ತುಪ್ಪುಳವನ್ನೂ ನಮ್ಮ ಚೈತ್ರದ ಬಿಸಿಲನ್ನೂ ಒಟ್ಟಿಗೆ ನೆನೆದು ಮನಸ್ಸು ಕಸಿವಿಸಿಗೊಳ್ಳುತ್ತದೆ.

ಹುಟ್ಟಿನಿಂದ ಯಾವ ದೌರ್ಬಲ್ಯವೂ ಇಲ್ಲದ ನಾಯಿಗೂ ಮನುಷ್ಯನು ಈ ರೋಗವನ್ನು ತಂದೊಡ್ಡಬಲ್ಲನು. ಅಮೆರಿಕದಲ್ಲಿ 1981 ಮತ್ತು 1982ರಲ್ಲಿ, ಹೆಸರಾದ ಮುದ್ರೆಯಿಲ್ಲದೆ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದ ಧಾನ್ಯಪ್ರಧಾನವಾದ ಆಹಾರವನ್ನು ತಿಂದ ಹದಿಮೂರು ನಾಯಿಗಳಲ್ಲಿ ಇಂಥದೇ ಚರ್ಮವಿಕಾರ ಕಂಡು, ಒಳ್ಳೆಯ ಆಹಾರಕ್ಕೆ ಬದಲಿಸಿದೊಡನೆ ಅದು ಶಮನವಾದುದನ್ನು ವೈದ್ಯರು ದಾಖಲಿಸಿದ್ದಾರೆ. ನಮ್ಮ ದೇಶದಲ್ಲಿ ನಾನು ಇದಕ್ಕಿಂತ ಹೆಚ್ಚಾಗಿ ಕಂಡು ನೊಂದಿರುವುದು ಅತಿಪ್ರೀತಿಯ ಫಲವನ್ನು. ಗ್ರೇಟ್ ಡೇನಿನಂಥ ದೊಡ್ಡ ಜಾತಿಯ ಮರಿಯೊಂದನ್ನು ತಂದ ಮನೆಯವರು, ಎಲುಬು ಗಟ್ಟಿಯಾಗಲಿ, ಕಿವಿ ನೆಟ್ಟಗಾಗಲಿ ಎಂದು, ಕೇಳಿದವರೆಲ್ಲರ ಸಲಹೆಯ ಮೇರೆಗೆ ಕ್ಯಾಲ್ಸಿಯಂ ಟಾನಿಕ್ಕನ್ನು ಚಮಚ ಚಮಚವಾಗಿ ಹುಯ್ಯುತ್ತಾರೆ. ಅನ್ನವೋ ರಾಗಿಯ ಮುದ್ದೆಯೋ ಮೂಲ ಆಹಾರ. ಅದರೊಳಗೆ ಧಾನ್ಯದ ಫೈಟಿಕ್ ಆಮ್ಲ ಮೊದಲೇ ಇದೆ. ಅದರ ಮೇಲೆ ಸುಣ್ಣದ ಅಂಶ. ಅಲಬಾಮದ ಹಂದಿಗಳ ತೊಟ್ಟಿಯಲ್ಲಿ ಕೂಡಿದ್ದ ವಸ್ತುಗಳೇ ಹೀಗೆ ಅಕ್ಕರೆಯ ಕೈಯಿಂದ ಮರಿಯ ತಟ್ಟೆಯಲ್ಲಿ ಕೂಡುತ್ತವೆ. ಮರಿಯ ಗದ್ದದ ಮೇಲೆ ಹಕ್ಕಳೆ ಎದ್ದಾಗ ಕ್ಯಾಲ್ಸಿಯಂ ಸಾಲದಾಯಿತೆಂದು ಇನ್ನೊಂದು ಚಮಚ ಸೇರಿಸುವವರನ್ನು ಕಂಡಿದ್ದೇನೆ. ಅವರ ಪ್ರೀತಿ ನಿಷ್ಕಪಟವಾದುದು. ಆದ್ದರಿಂದಲೇ ನೋಡಿದವರ ವ್ಯಥೆ ಹೆಚ್ಚು. ಅಂಥ ಮರಿಗಳಲ್ಲಿ ಹಲವಕ್ಕೆ ಟಾನಿಕ್ಕನ್ನು ನಿಲ್ಲಿಸಿ ಊಟವನ್ನು ತಿದ್ದಿ, ಕೆಲವು ಕಾಲ ಸತುವನ್ನು ಕೊಟ್ಟರೆ ಸಾಕು. ಬೆಳೆದ ಮೇಲೆ ಅವಕ್ಕೆ ಔಷಧದ ಅಗತ್ಯವೇ ಬೀಳುವುದಿಲ್ಲ.

ಸತುವನ್ನು ಬೇಕಾದಷ್ಟು ಸುರಿಯುವುದೂ ಅಪಾಯವೇ. ಅಮೆರಿಕದ ಒಂದು ಸೆಂಟಿನ ನಾಣ್ಯ 1982ರಿಂದೀಚೆಗೆ ಮೇಲೆ ತಾಮ್ರದ ಲೇಪವಷ್ಟೇ ಇದ್ದು ಒಳಗೆಲ್ಲ ಸತುವಾಗಿದೆ. ಅದನ್ನು ನುಂಗಿದ ನಾಯಿಗಳಲ್ಲಿ ಕೆಂಪು ರಕ್ತಕಣಗಳು ಒಡೆದು ಪ್ರಾಣಕ್ಕೆ ಕುತ್ತು ಬಂದ ಪ್ರಕರಣಗಳು ಪಶುವೈದ್ಯರಿಗೆ ಸುಪರಿಚಿತವಾಗಿವೆ. ಸತುವಿದ್ದರೂ ನಿಲ್ಲದ ದುರ್ಗತಿಯೂ ಉಂಟು: ಬುಲ್ ಟೆರಿಯರ್ ತಳಿಯ ಕೆಲವು ಮರಿಗಳಲ್ಲಿ ಕಾಣಿಸುವ ಮಾರಕ ಚರ್ಮರೋಗವೊಂದು ನೋಟಕ್ಕೆ ಇದರಂತೆಯೇ ಇದ್ದರೂ ಸತುವಿಗೆ ಮಣಿಯುವುದಿಲ್ಲ; ಅದಕ್ಕೆ ಕಾರಣವಾದ ವಂಶವಾಹಿಯ ದೋಷ ಪತ್ತೆಯಾದುದು 2018ರಲ್ಲಿ. ಆದ್ದರಿಂದ ತೂಕ, ತಳಿ, ಊಟ ಇವನ್ನು ವಿಚಾರಿಸಿ, ಚರ್ಮದ ತುಣುಕನ್ನು ಪರೀಕ್ಷಿಸಿ ಮಾತ್ರೆಯ ಪ್ರಮಾಣವನ್ನು ನಿರ್ಣಯಿಸತಕ್ಕವನು ವೈದ್ಯನೇ.

ಹಸ್ಕಿಗೆ ಸಾಮಾನ್ಯವಾಗಿ ಆ ಮಾತ್ರೆ ಬಾಳಿನುದ್ದಕ್ಕೂ ಬೇಕು. ಬರಿಹೊಟ್ಟೆಯಲ್ಲಿ ಕೊಟ್ಟರೆ ವಾಂತಿಯಾಗುವುದರಿಂದ ಊಟದೊಡನೆ ಪುಡಿಮಾಡಿ ಬೆರೆಸುತ್ತಾರೆ. ಮೊದಲ ಕೆಲವು ದಿನ ಏನೂ ಕಾಣುವುದಿಲ್ಲ. ಮನೆಯವರು ಮದ್ದು ನಾಟಲಿಲ್ಲವೆಂದು ಎದೆಗುಂದುವುದೂ ಆಗಲೇ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹಕ್ಕಳೆಯನ್ನು ನೆನೆಸಿ ಮೆಲ್ಲಗೆ ಬಿಡಿಸುತ್ತ ಕಾಯಬೇಕು. ಸುಮಾರು ಆರು ವಾರಗಳಾಗುವ ಹೊತ್ತಿಗೆ ಕಣ್ಣಿನ ಸುತ್ತಲಿನ ಕೆಂಪು ಆರಿ, ಬಿರಿದ ಮೆತ್ತೆಗಳು ಕೂಡಿಕೊಂಡು, ಬೋಳಾದ ರೆಪ್ಪೆಯ ಅಂಚಿನಲ್ಲಿ ಹೊಸ ರೋಮದ ಮಾಸಲು ಗೆರೆಯೊಂದು ಮೂಡುತ್ತದೆ.